ಕೊಯ್ಯದ ಗಿಡದ ಸದ್ದು

ನನಗೆ ಹಾವಿನ ಭಯವಿಲ್ಲ. ಬೆಟ್ಟ ಇಳಿದು ಚಿರತೆ ನಮ್ಮ ಕೊಟ್ಟಿಗೆವರೆಗೂ ಬಂದಾಗ ದೊಣ್ಣೆ ಹಿಡಿದು ಹೊರಗೆ ನಿಂತವಳು. ನನ್ನನ್ನು ಹೆದರಿಸಿದ್ದು ಹಿಪ್ಪುನೇರಳೆ ಸೊಪ್ಪು.

ಹೋದ ಬೇಸಿಗೆಯ ಮಾತು. ಅಕ್ಕೂರಿನ ನಮ್ಮ ಹುಳಮನೆಯಲ್ಲಿ ರೇಷ್ಮೆಹುಳ ಕಡೇ ಜ್ವರದಿಂದ ಎದ್ದಿತ್ತು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಎದ್ದ ಮೇಲೆ ರಕ್ಕಸರ ಹಾಗೆ ತಿನ್ನಬೇಕು. ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು ಬರಬೇಕು. ಆ ಬೆಳಿಗ್ಗೆ ಸದ್ದೇ ಇಲ್ಲ. ಹುಳ ಸೊಪ್ಪಿನ ಮೇಲೆ ಹತ್ತಿ, ತಲೆ ಎತ್ತಿಕೊಂಡು ಕೂತವು. ಬಾಯಿ ಹಾಕಲಿಲ್ಲ. ಈಗ ತಿನ್ನದಿದ್ದರೆ ಗೂಡು ಕಟ್ಟುವುದಿಲ್ಲ, ಇಡೀ ಬೆಳೆ ಗುಂಡಿಗೆ.

ಹುಳಕ್ಕೆ ಹೊಗೆಸೊಪ್ಪಿನ ನಾತ ಆಗದು. ಗಂಡನ ಹತ್ತಿರ ಹೋಗಿ ಅವನ ಬಾಯಿ ಮೂಸಿದೆ.

"ಬೀಡಿ ಸೇದ್ಕಂಡು ಒಳಕ್ ಬಂದಿದ್ಯಾ?"

"ಬೀಡಿ ಬುಟ್ಟು ಯಾವ್ ಕಾಲಾಯ್ತು ಕನಮ್ಮಿ. ಮದ್ವೇಲೂ ಹಿಂಗೆ ಹತ್ರ ಬಂದಿರ್ನಿಲ್ಲ ನೀನು," ಎಂದ.

ಅಷ್ಟರಲ್ಲಿ ಕೃಷಿ ಕಾಲೇಜಿನ ಹುಡುಗಿ ಬಂದಳು. ಕನಕಪುರದ ಕಡೆಯವಳು. ಗಿಡ ಸದ್ದು ಮಾಡುತ್ತದೆಯೇ ನೋಡಬೇಕು ಎಂದು ನಮ್ಮ ತೋಟ ಕೇಳಿದ್ದಳು. ಬರಬೇಡ ಅನ್ನುವುದಕ್ಕೂ ನನಗೆ ಆಗ ಬುದ್ಧಿ ಓಡಲಿಲ್ಲ. ಹೇಗೂ ಸೊಪ್ಪು ನೋಡಬೇಕಿತ್ತು, ಅವಳ ಜೊತೆ ತೋಟಕ್ಕೆ ಹೋದೆ.

"ಟೊಮೇಟೊ ಗಿಡದಲ್ಲಿ ಆಗ್ಲೇ ಕಂಡುಹಿಡ್ದವ್ರೆ ಅಜ್ಜಿ. ಕೊಯ್ದ್ರೆ, ನೀರಿಲ್ದಿದ್ರೆ, ಟಕ್ ಟಕ್ ಅಂತವೆ. ನಮ್ ಕಿವಿಗೆ ಕೇಳಕಿಲ್ಲ. ಈ ಮಿಷಿನ್ನು ಆ ಕೀರಲು ಸದ್ದ ನಮ್ ಕಿವಿ ಮಟ್ಟಕ್ಕೆ ಇಳ್ಸಿ ಕೇಳುಸ್ತದೆ."

ಒಂದು ಕಡ್ಡಿ ಕೊಯ್ದೆ. ಒಸಿ ಹೊತ್ತು ಬಿಟ್ಟು ಮಿಷಿನ್ನು ಟಕ್ ಎಂದಿತು. ಮತ್ತೆ ಟಕ್, ಎಳ್ಳು ಸಿಡಿದ ಹಾಗೆ. ಅದಕ್ಕೆ ನಾನು ಹೆದರಲಿಲ್ಲ. ಕೊಯ್ದರೆ ಯಾವುದು ಸುಮ್ಮನಿರುತ್ತದೆ. ಆಮೇಲೆ ಅವಳು ಮಿಷಿನ್ನಿನ ಮೈಕನ್ನು ಕೊಯ್ಯದ ಗಿಡದ ಪಕ್ಕ ಇಟ್ಟಳು. ಅದೂ ಟಕ್ ಅಂದಿತು. ಅದರ ಪಕ್ಕದ್ದೂ ಅಂದಿತು. ನನ್ನ ಕುಡುಗೋಲು ಅವನ್ನು ಮುಟ್ಟಿರಲಿಲ್ಲ, ಕೈಯಲ್ಲೇ ಇತ್ತು.

"ಇದ್ನ ಯಾರ್ ಕೊಯ್ದವ್ರೆ?"

"ಯಾರೂ ಇಲ್ಲ ಕಣಜ್ಜಿ. ಬಾಯಾರಿರ್ಬೇಕು. ಕಾಂಡದೊಳ್ಗೆ ಗುಳ್ಳೆ ಒಡೀತದೆ ಅಂತಾರೆ. ನೀರ್ ಬುಟ್ಟಿಲ್ವಾ?"

ಬಿಟ್ಟಿರಲಿಲ್ಲ. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗ ಎಂದು, ಕಡೇ ಜ್ವರಕ್ಕೆ ಮುಂಚೆಯೇ ನಾನು ಬೋರ್ ನಿಲ್ಲಿಸಿದ್ದೆ. ನಮ್ಮತ್ತೆ ಹಾಗೇ ಮಾಡುತ್ತಿದ್ದಳು. ಅವಳ ಕಾಲದ ಬಿಸಿಲು ಬೇರೆ.

"ಕೆಲವು ಪತಂಗಕ್ಕೆ ಈ ಸದ್ದು ಕೇಳುತ್ತಂತೆ. ಬಾಯಾರಿದ್ ಗಿಡದ್ ಸದ್ದು ಕೇಳುದ್ರೆ ಅಲ್ಲಿ ಮೊಟ್ಟೆ ಇಡಾಕೆ ಹಿಂದೇಟು ಹಾಕ್ತವಂತೆ. ಈಗೀಗ ಗೊತ್ತಾಗಿರೋದು," ಎಂದಳು ಹುಡುಗಿ.

"ನನ್ ಹುಳಕ್ಕೂ ಕೇಳುತ್ತಾ?"

"ಅದು ಯಾರ್ಗೂ ಗೊತ್ತಿಲ್ಲ ಅಜ್ಜಿ."

ಕೇಳುತ್ತದೆ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಗೊತ್ತಿಲ್ಲ ಅನ್ನುವ ಮಾತು ಕೇಳಿ ಹಿಂದಿನ ಸಾಲುಗಳ ಕಡೆ ತಿರುಗಿ ನೋಡಿದೆ. ಮದುವೆಯಾಗಿ ಬಂದಾಗಿನಿಂದ ಆ ಸಾಲುಗಳ ನಡುವೆ ಓಡಾಡಿದ್ದೇನೆ. ಒಂಟಿಯಾಗಿದ್ದೇನೆ ಅಂದುಕೊಂಡು ಅಲ್ಲಿ ಅತ್ತಿದ್ದೇನೆ, ಬೈದಿದ್ದೇನೆ. ಹುಡುಗಿ ಮಿಷಿನ್ನು ಆರಿಸಿದಳು. ಸದ್ದು ನಿಂತದ್ದು ಇನ್ನೂ ಕೆಟ್ಟದಾಗಿತ್ತು. ಗಿಡಗಳು ನಿಲ್ಲಿಸಿಲ್ಲ ಎಂದು ಈಗ ನನಗೆ ಗೊತ್ತಿತ್ತಲ್ಲ.

"ಬೋರ್ ಹಾಕು," ಎಂದು ಗಂಡನಿಗೆ ಕೂಗಿದೆ.

"ಗಿಡ ಹೇಳ್ತಾ, ನೀನ್ ಹೇಳ್ತಿದ್ದೀಯಾ?" ಎಂದು ನಕ್ಕ.

ಬುಡಕ್ಕೆ ನೀರು ಹರಿಸಿ, ಹುಳಕ್ಕೆ ಆ ದಿನ ಪಕ್ಕದವರ ನೀರು ಬಿಟ್ಟ ತೋಟದ ಸೊಪ್ಪು ಬೇಡಿ ತಂದೆ. ಹಾಕಲು ಒಳಗೆ ಹೋಗುವ ಧೈರ್ಯ ಬರಲಿಲ್ಲ. ಗಂಡನ ಕೈಯಲ್ಲಿ ಹಾಕಿಸಿ ಬಾಗಿಲ ಹೊರಗೆ ನಿಂತೆ. ಒಳಗೆ ಏನೂ ಸದ್ದಿಲ್ಲ. ಗೋಡೆಗೆ ಕಿವಿ ಇಟ್ಟೆ. ಆಮೇಲೆ ಎಲ್ಲೋ ಒಂದು ಹನಿ ಬಿದ್ದ ಹಾಗಾಯಿತು. ಇನ್ನೊಂದು. ಬರಬರುತ್ತಾ ಮಳೆ ಹಿಡಿಯಿತು.

ಆ ಬೆಳೆ ಗೂಡು ಕಟ್ಟಿತು. ಹುಳ ಹಿಂದೆ ಸರಿದದ್ದು ಒಣಗಿದ ಸೊಪ್ಪಿಗೋ, ಆ ಸದ್ದಿಗೋ, ಹುಡುಗಿಯೂ ಹೇಳಲಿಲ್ಲ. ಈಗ ಕುಡುಗೋಲು ಹಾಕುವ ಮೊದಲು ಬುಡದ ಮಣ್ಣು ಮುಟ್ಟಿ ನೋಡುತ್ತೇನೆ. ಒಣಗಿದ್ದರೆ ಆ ಸಾಲಿಗೆ ಒಬ್ಬಳೇ ಕಾಲಿಡುವುದಿಲ್ಲ. ಗಂಡ ಇನ್ನೂ ನಗುತ್ತಾನೆ. ನಗಲಿ, ಅವನು ಅದನ್ನು ಕೇಳಿಲ್ಲ.