ಎಲ್ಲ ಗಂಟೆಯೂ ಲಾಂಗ್ ಬೆಲ್

ಅವರ ಕೀಬೋರ್ಡಿನ ಮೇಲೆ ಸದಾ ಸೀಮೆಸುಣ್ಣದ ಬಿಳಿ ಹೆಬ್ಬೆರಳ ಗುರುತು. ನಮ್ಮ ಕಂಪ್ಯೂಟರ್ ಟೀಚರ್ ಪ್ರೋಗ್ರಾಮನ್ನು ಮೊದಲು ಹಲಗೆಯಲ್ಲಿ ಬರೆದು, ಗಟ್ಟಿಯಾಗಿ ಓದಿ, ಆಮೇಲೆಯೇ ಕೀಬೋರ್ಡ್ ಮುಟ್ಟುತ್ತಿದ್ದರು. "ಕೈ ಓಡುವ ಮೊದಲು ಬಾಯಿ ಓದಬೇಕು" ಎನ್ನುವುದು ಅವರ ಮಾತು. ಮೂಡುಬಿದಿರೆಯ ಅವರ ಮನೆಯ ಚಾವಡಿಯಲ್ಲಿ ನಡೆಯುತ್ತಿದ್ದ ಸಂಜೆಯ ಪಾಠಕ್ಕೆ ನಿವೃತ್ತ ಡ್ರಿಲ್ ಮಾಷ್ಟ್ರಾದ ನಾನೂ ಸೇರಿದೆ. ತಡವಾಗಿ ಬಂದವರನ್ನು ಅವರು ಬೈಯುತ್ತಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಹಲಗೆ ಓದಿಸುತ್ತಿದ್ದರು. ಆ ಶಿಸ್ತು ನನಗೆ ಹಿಡಿಸಿತು.

ನಾನು ದುಡಿದ ಶಾಲೆಯಲ್ಲಿ ಗಂಟೆ ಹೊಡೆಯುವವರು ಕೆಲಸ ಬಿಟ್ಟಾಗ, ಅದನ್ನು ಕಂಪ್ಯೂಟರಿನಿಂದ ಮಾಡಿಸುತ್ತೇನೆಂದು ಮಾತು ಕೊಟ್ಟೆ. ಪ್ರಾರ್ಥನೆ, ಊಟ, ಮನೆ ಎಂದು ಒಂದೊಂದು ಗಂಟೆಗೆ ಒಂದೊಂದು ಪುಟ್ಟ ಫಂಕ್ಷನ್, ಅಂದರೆ ಹೊತ್ತಾದಾಗ ಆ ಗಂಟೆ ಹೊಡೆಸುವ ಪ್ರೋಗ್ರಾಮಿನ ತುಣುಕು, ಮಾಡಿಟ್ಟೆ. ಮೊದಲ ದಿನ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿಯೇ ಗಂಟೆಯಾಯಿತು. ಆದರೆ ಹೊಡೆದದ್ದು ಮನೆಗೆ ಬಿಡುವ ಲಾಂಗ್ ಬೆಲ್! ಮಕ್ಕಳು ಚೀಲ ಎತ್ತಿಕೊಂಡು ಗೇಟಿಗೆ ಓಡಿದರು. ಮುಂದಿನ ಗಂಟೆಯೂ ಲಾಂಗ್ ಬೆಲ್ಲೇ.

"ನಾಳೆಯೂ ಹೀಗಾದರೆ ಇದನ್ನು ತೆಗೆದಿಡುವ ಮಾಷ್ಟ್ರೇ, ನಾಡಿದ್ದು ಪರೀಕ್ಷೆ ಉಂಟು" ಎಂದರು ಮುಖ್ಯೋಪಾಧ್ಯಾಯಿನಿ. ಜೀವಮಾನವಿಡೀ ಸೀಟಿ ಊದಿ ಮಕ್ಕಳನ್ನು ಸಾಲಿಗೆ ನಿಲ್ಲಿಸಿದವನ ಮರ್ಯಾದೆಯೂ ಗೇಟು ದಾಟಿತ್ತು.

ಸಂಜೆ ಇದನ್ನು ಕೇಳಿ ಟೀಚರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಎಂಥ ಮಾಷ್ಟ್ರೇ, ಮಕ್ಕಳಿಗೆ ಇವತ್ತು ನೀವೇ ದೇವರು!" ಆಮೇಲೆ ಹಲಗೆಯಲ್ಲಿ 'ಪ್ರಾರ್ಥನೆ' ಎಂದು ಬರೆದು ಒರೆಸಿದರು, 'ಊಟ' ಬರೆದು ಒರೆಸಿದರು, 'ಮನೆಗೆ' ಎಂದು ಬರೆದು ಹಾಗೇ ಬಿಟ್ಟರು. "ನಿಮ್ಮ ಫಂಕ್ಷನುಗಳೆಲ್ಲ ಈ ಒಂದೇ ಹಲಗೆ ನೋಡ್ತಾ ಕೂತಿವೆ. ಹೊಡೆಯುವ ಹೊತ್ತಿಗೆ ನೋಡಿದರೆ ಕೊನೆಯದ್ದು ಮಾತ್ರ ಉಂಟು. ಒಬ್ಬೊಬ್ಬನಿಗೆ ಬೇರೆ ಬೇರೆ ಸ್ಲೇಟು ಕೊಡುವ."

"ಹೇಗೆ ಕೊಡುವುದು?"

"ಹೊರಗಿಂದ ಇನ್ನೊಂದು ಫಂಕ್ಷನ್ ಹಾಕಿ. ಅದು ಸ್ಲೇಟಲ್ಲಿ ಗಂಟೆಯ ಹೆಸರು ಬರೆದು ಒಳಗಿನ ಫಂಕ್ಷನಿನ ಕೈಗೆ ಕೊಟ್ಟು ಹೋಗ್ತದೆ. ಕೊಟ್ಟವ ಹೋದರೂ ಸ್ಲೇಟು ಇವನ ಹತ್ತಿರವೇ ಇರ್ತದೆ. ಕ್ಲೋಶರ್ ಅಂದರೆ ಇಷ್ಟೇ ಮಾರಾಯ್ರೆ."

ಬರೆದುಕೊಡಿ ಎಂದೆ. ಸೀಮೆಸುಣ್ಣವನ್ನು ನನ್ನ ಕೈಗಿತ್ತರು. ನಾನೇ ಬರೆದೆ, ಗಟ್ಟಿಯಾಗಿ ಓದಿದೆ. ಮರುದಿನ ಪ್ರಾರ್ಥನೆಗೆ ಪ್ರಾರ್ಥನೆಯದೇ ಗಂಟೆ ಹೊಡೆಯಿತು. ಮಕ್ಕಳು ಸಪ್ಪೆ ಮೋರೆ ಹಾಕಿಕೊಂಡು ಸಾಲಿನಲ್ಲಿ ನಿಂತರು.

ಕಳೆದ ವರ್ಷ ಟೀಚರ್ ತೀರಿಕೊಂಡರು. ಶಾಲೆಯ ಶಿಕ್ಷಕರಲ್ಲಿ ಅನೇಕರು ಅವರ ಶಿಷ್ಯರು. ಸುದ್ದಿ ಬಂದ ಬೆಳಿಗ್ಗೆ ಮೌನ ಪ್ರಾರ್ಥನೆ ಮುಗಿಸಿ ಮಕ್ಕಳನ್ನು ಮನೆಗೆ ಕಳಿಸಿದರು. ಗಂಟೆಯನ್ನು ನಿಲ್ಲಿಸಿ ಬರಲು ನಾನು ಒಳಗೆ ಹೋದೆ. ಸ್ವಿಚ್ಚಿಗೆ ಕೈ ಚಾಚುವಷ್ಟರಲ್ಲಿ, ಹೊತ್ತಿಗೆ ಸರಿಯಾಗಿ, ಖಾಲಿ ಶಾಲೆಯಲ್ಲಿ ಊಟದ ಗಂಟೆ ಹೊಡೆಯಿತು.

ಕೈ ಹಿಂದಕ್ಕೆ ತೆಗೆದು, ಅದು ಮುಗಿಯುವ ತನಕ ನೆಟ್ಟಗೆ ನಿಂತೆ.