ಮೂರು ಸಲ ತೊಳೆದ ಬೇರು

ಈಶ್ವರಮಂಗಲದ ಆಯಿಶಾಳ ಮನೆಯಲ್ಲಿ ಯಾವುದನ್ನೂ ಒಂದೇ ಸಲ ತೊಳೆದು ಬಿಡುವ ಪದ್ಧತಿಯಿಲ್ಲ. ತಟ್ಟೆಯಾಗಲಿ, ಪಾದವಾಗಲಿ, ಮೂರು ಸಲ. ಮಗಳು ಜಸೀನಾ ಈ ಶಿಸ್ತನ್ನು ಉತ್ತರ ಧ್ರುವದ ಹತ್ತಿರದ ತುಂಡ್ರಾದವರೆಗೂ ಹೊತ್ತುಕೊಂಡು ಹೋದಳು. ಅತಿಯಾದರೆ ಅಮೃತವೂ ವಿಷ ಎಂಬುದು ಅಲ್ಲಿ ಅವಳಿಗೆ ನೆನಪಾಗಲಿಲ್ಲ.

ಮರವೇ ಬೆಳೆಯದ ಆ ಹಿಮದ ನೆಲದಲ್ಲಿ ಗೇಣುದ್ದದ ಗಿಡಗಳು ಬದುಕುವುದು ಬೇರಿಗೆ ಅಂಟಿದ ಶಿಲೀಂಧ್ರದ ದಯೆಯಿಂದ. ಮಣ್ಣಿನ ಸಾರವನ್ನು ಗಿಡಕ್ಕೆ ಉಣಿಸುವುದು ಅದೇ. ನೆಲ ಬಿಸಿಯಾದರೆ ಈ ನಂಟು ಏನಾಗುತ್ತದೆ? ಇದು ಜಸೀನಾಳ ಪಿಎಚ್.ಡಿ. ಪ್ರಶ್ನೆ. ಪ್ರಯೋಗಕ್ಕೆಂದು ಬಿಸಿ ಮಾಡಿದ ನೆಲದ ಬೇರುಗಳನ್ನು ತೊಳೆದವಳು ಅವಳು. ಹಾಗೇ ಬಿಟ್ಟ ನೆಲದ ಬೇರುಗಳನ್ನು ತೊಳೆದವನು ಅವಳ ಜೊತೆಗಾರ ಸಂಶೋಧಕ. ಬಿಸಿ ನೆಲದಲ್ಲಿ ಶಿಲೀಂಧ್ರ ಅರ್ಧಕ್ಕರ್ಧ ಕಡಿಮೆ ಎಂದು ಫಲಿತಾಂಶ ಬಂತು. ಪ್ರೊಫೆಸರ್ ಕುಣಿದಾಡುವುದೊಂದು ಬಾಕಿ.

ರಜೆಯಲ್ಲಿ ಊರಿಗೆ ಬಂದವಳು ಊಟದ ತಟ್ಟೆಯನ್ನು ಮೂರನೇ ಸಲ ತೊಳೆಯುತ್ತಾ ಗಕ್ಕನೆ ನಿಂತಳು. ಜೊತೆಗಾರ ಒಂದೇ ಸಲ ತೊಳೆಯುತ್ತಿದ್ದ. ಸೋಮಾರಿ ಎಂದು ಅವನನ್ನು ಛೇಡಿಸಿದ್ದೂ ಇವಳೇ. ಕೂದಲಿಗಿಂತ ತೆಳುವಾದ ಬೇರಿನ ತುದಿಗಳು, ಶಿಲೀಂಧ್ರ ಹೆಚ್ಚಾಗಿ ಇರುವುದೇ ಅಲ್ಲಿ, ಇವಳ ಕೈಯಲ್ಲೇ ಉದುರಿ ನೀರಿನ ಪಾಲಾಗಿದ್ದವು. ಶಿಲೀಂಧ್ರ ಕಡಿಮೆಯಾದದ್ದು ನೆಲದ ಬಿಸಿಯಿಂದಲೋ ಇವಳ ಮೂರು ತೊಳೆತದಿಂದಲೋ ಈಗ ತಿಳಿಯುವಂತಿಲ್ಲ. ಹೇಳಿದರೆ ಇನ್ನೊಂದು ಬೇಸಿಗೆ ದುಡಿಯಬೇಕು, ಜನವರಿಗೆ ನಿಶ್ಚಯವಾದ ನಿಕಾಹ್ ಮುಂದೆ ಹೋಗಬೇಕು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಬೀಡಿ ಕಟ್ಟುತ್ತಿದ್ದ ಅವಳ ಉಮ್ಮ ಆಯಿಶಾ ತಲೆ ಎತ್ತಿದಳು. "ಎಂತ ಆಯ್ತು ಮಾರಾಯ್ತಿ?"

ಜಸೀನಾ ಎಲ್ಲವನ್ನೂ ಹೇಳಿದಳು. ಆಯಿಶಾ ಕೈಯಲ್ಲಿದ್ದ ಬೀಡಿಯನ್ನು ಮೊರಕ್ಕೆ ಹಾಕಿದಳು.

"ನಿನ್ನ ಪಿಯುಸಿ ಪರೀಕ್ಷೆಯ ವಾರ ಅವಸರದಲ್ಲಿ ಸುತ್ತಿದ ಕೆಟ್ಟ ಬೀಡಿಗಳನ್ನು ಕಟ್ಟಿನ ನಡುವೆ ಅಡಗಿಸಿ ಕೊಟ್ಟಿದ್ದೆ. ಬೀಡಿ ತಗೊಳ್ಳುವ ಬ್ರಾಂಚಿನವರಿಗೆ ಗೊತ್ತೇ ಆಗ್ಲಿಲ್ಲ."

"ಮತ್ತೆ?"

"ಮತ್ತೆಂತ? ಮರುದಿನ ನಾನೇ ಹೋಗಿ ಕಟ್ಟು ಬಿಚ್ಚಿ ತೋರಿಸಿದೆ. ಎಲ್ಲರೆದುರು ಬೈಸಿಕೊಂಡೆ. ನಾಚಿಕೆ ಆಯ್ತು. ಆದರೆ ಆಮೇಲೆ ಕಟ್ಟು ಕೊಡುವಾಗ ಯಾರ ಮುಖ ನೋಡ್ಲಿಕ್ಕೂ ಹೆದರಿಕೆ ಇರ್ಲಿಲ್ಲ."

ಜಸೀನಾ ಅಲ್ಲೇ ನೆಲದಲ್ಲಿ ಕೂತು ಪ್ರೊಫೆಸರಿಗೆ ಬರೆದಳು: ಈ ಫಲಿತಾಂಶವನ್ನು ನಂಬಬೇಡಿ, ತಪ್ಪು ನನ್ನದು, ಮುಂದಿನ ಬೇಸಿಗೆಯಲ್ಲಿ ಮತ್ತೆ ಅಗೆಯುತ್ತೇನೆ. ಕಳಿಸುವಾಗ ಅಳು ಬಂತು. ಆದರೂ ಕಳಿಸಿದಳು.

"ನಿನ್ನ ಉಪ್ಪನಿಗೆ ನಾನು ಹೇಳ್ತೇನೆ," ಎಂದಳು ಆಯಿಶಾ, ಬೀಡಿಗೆ ನೂಲು ಬಿಗಿಯುತ್ತಾ. "ಹುಡುಗನ ಮನೆಯವರು ಕಾಯುದಾದರೆ ಕಾಯಲಿ. ಅಲ್ಲಿ ಹೋಗಿ ಒಂದೇ ಸಲ ತೊಳೆ, ಆಯ್ತಾ?"

ಜಸೀನಾಳ ಇಪ್ಪತ್ತೇಳು ವರ್ಷದಲ್ಲಿ ಉಮ್ಮನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.