ಪ್ರೆಸ್ಸಿನ ನೆತ್ತಿಯ ಮೇಲೆ ಕೂತ ಹರಳು

ಮೊನ್ನೆ ಮಾಕಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಲೇತ್ ಅಂಗಡಿಯಿಂದ ಬಿಸಿ ಕಟಿಂಗ್ ಆಯಿಲ್ ವಾಸನೆ ಬಂತು. ಬಸ್ಸು ಬಂದರೂ ಹತ್ತಲಿಲ್ಲ. ನಮ್ಮ ಓನರ್ ಅಂಕಲ್ ಅಂಗಿಗೆ, ರಿಟೈರ್ ಆಗಿ ವರ್ಷಗಳೇ ಕಳೆದರೂ, ಇದೇ ವಾಸನೆಯಿತ್ತು...

ಅವರು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ, ಕೂದಲೆಳೆಗಿಂತ ಸಣ್ಣ ಅಳತೆಗೆ ಅಚ್ಚು, ಉಪಕರಣ ಕೂರಿಸುವ ಫಿಟ್ಟರ್ ಆಗಿದ್ದವರು. ನಾನು ಅವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆ. ಕೆಲಸ ಪೀಣ್ಯದ ಶೆಡ್ಡೊಂದರ ಮೇಲಿದ್ದ ಪುಟ್ಟ ಲ್ಯಾಬಿನಲ್ಲಿ. ಅವರ ಹೆಂಡತಿ, ನಮ್ಮ ಆಂಟಿಗೆ ಮೂತ್ರದ ಸೋಂಕು ಪದೇ ಪದೇ ಮರುಕಳಿಸುತ್ತಿತ್ತು.

"ಅಷ್ಟೊಂದು ನೀರು ಕುಡೀತಾಳೆ, ಕೊಚ್ಕೊಂಡ್ ಹೋಗ್ಬೇಕಲ್ವೇನಮ್ಮಾ?" ಎಂದು ಅಂಕಲ್ ಒಮ್ಮೆ ಕೇಳಿದರು.

ಯಾಕೆ ಕೊಚ್ಚಿ ಹೋಗುವುದಿಲ್ಲ ಎಂದು ಹುಡುಕುವುದೇ ನನ್ನ ಕೆಲಸ ಎಂದೆ. ಆ ಸೋಂಕು ತರುವ ಬ್ಯಾಕ್ಟೀರಿಯಾದ ಮೈಮೇಲೆ ಸಣ್ಣ ಎಳೆಗಳಿವೆ, ಎಳೆಯ ತುದಿಯಲ್ಲಿ ಕೊಕ್ಕೆಯಂಥ ಪ್ರೋಟೀನು. ಅದು ಮೂತ್ರಕೋಶದ ಒಳಗೋಡೆಯ ಜೀವಕೋಶಗಳ ಮೇಲಿರುವ ಸಕ್ಕರೆಯನ್ನು ಹಿಡಿಯುತ್ತದೆ, ಹರಿವು ಎಳೆದಷ್ಟೂ ಬಿಗಿಯಾಗುತ್ತದೆ. ಅಂಕಲ್ ಕಣ್ಣರಳಿಸಿದರು.

"ಕಳ್ಳ ನನ್ಮಗ, ಸಕ್ಕತ್ ಡಿಸೈನ್ ಮಾಡ್ಕೊಂಡವ್ನೆ ಕಣಮ್ಮಾ."

ಆ ಕೊಕ್ಕೆಯ ಆಕಾರ ಅಣು ಅಣುವಾಗಿ ತಿಳಿದರೆ ಅದರ ಬಾಯಿಗೆ ಸರಿಯಾಗಿ ಬೆಣೆ ಹೊಡೆಯುವ ಔಷಧಿ ರೂಪಿಸಬಹುದು. ಆಕಾರ ತಿಳಿಯಲು ಎಕ್ಸ್-ರೇ ಹಾಯಿಸಿ ನೋಡಬೇಕು, ಅದಕ್ಕೆ ಆ ಪ್ರೋಟೀನಿನದೇ ಒಂದು ಒಳ್ಳೆಯ ಹರಳು ಬೇಕು. ಎರಡು ವರ್ಷ ನನಗೆ ಸಿಕ್ಕಿದ್ದು ಬರೀ ಪುಡಿ. ತಿಂಗಳ ಕೊನೆಗೆ ಇದನ್ನು ನಿಲ್ಲಿಸೋಣ ಎಂದು ಬಾಸ್ ಹೇಳಿದ ದಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಂಕಲ್ ನೋಡಿದರು. ಮರುದಿನ ಲ್ಯಾಬಿಗೇ ಬಂದರು.

ಮೈಕ್ರೋಸ್ಕೋಪಿನ ಕಡೆ ತಿರುಗಿಯೂ ನೋಡದೆ, ಹರಳು ಬೆಳೆಯಲೆಂದು ಪ್ರೋಟೀನಿನ ಹನಿಗಳನ್ನಿಟ್ಟಿದ್ದ ಮೇಜಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತರು.

"ಕೆಳಗಡೆ ಪವರ್ ಪ್ರೆಸ್ ಓಡ್ತಿದ್ಯಾ?"

"ಹೂಂ, ದಿನವಿಡೀ."

"ಮತ್ತೆ ಹರಳು ಹೆಂಗಮ್ಮಾ ಕೂರತ್ತೆ? ಮೈಕ್ರಾನ್ ಕೆಲ್ಸನ ಪ್ರೆಸ್ ನೆತ್ತಿ ಮೇಲೆ ಯಾರಾದ್ರೂ ಮಾಡ್ತಾರಾ?"

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ತಗಡು ಒತ್ತುವ ಆ ಯಂತ್ರದ ಧಡ್ ಧಡ್ ಸದ್ದಿನಲ್ಲೇ ಎರಡು ವರ್ಷ ಟೀ ಕುಡಿದಿದ್ದೆ, ಪಿಎಚ್‌ಡಿ ಬೇರೆ. ಅಂಕಲ್ ಸ್ನೇಹಿತರ ವರ್ಕ್‌ಶಾಪಿನಿಂದ, ಅಳತೆ ನೋಡಲು ಬಳಸುವ ಗ್ರಾನೈಟ್ ಹಾಸು ತರಿಸಿ, ಅದರ ಕೆಳಗೆ ರಬ್ಬರ್ ಪದರಗಳನ್ನು ಕೊಟ್ಟು, ಅರ್ಧ ದಿನ ಕೂತು ಮಟ್ಟ ಮಾಡಿದರು. ಹೊಸ ಹನಿಗಳನ್ನು ಅದರ ಮೇಲಿಟ್ಟೆ.

ಹನ್ನೊಂದನೇ ದಿನ ಒಂದು ಹನಿಯಲ್ಲಿ ಹರಳು ಕೂತಿತ್ತು. ಒಂದೇ ಒಂದು, ಒಂದು ಬಿರುಕೂ ಇಲ್ಲ. ಫೋನು ಮಾಡಿದೆ, ಅಂಕಲ್ ಸ್ಕೂಟರಿನಲ್ಲಿ ಆಂಟಿಯನ್ನೂ ಕೂರಿಸಿಕೊಂಡು ಬಂದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, "ಅಂಚು ನೋಡೇ, ಫೈಲ್ ಹೊಡ್ದು ನುಣ್ಣಗೆ ಮಾಡ್ದಂಗಿದೆ," ಎಂದು ಆಂಟಿಗೂ ತೋರಿಸಿದರು. ಬಾಸ್ ಎದ್ದು ಬಂದು ಅವರ ಕೈ ಕುಲುಕಿದರು. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆ ಹರಳಿನಿಂದ ಕೊಕ್ಕೆಯ ಆಕಾರ ಪೂರ್ತಿ ಸಿಕ್ಕಿತು. ಔಷಧಿಯ ಕೆಲಸ ಈಗ ಜೋರಾಗಿ ನಡೆದಿದೆ. ಅಷ್ಟರೊಳಗೆ ಅಂಕಲ್... ಹೃದಯಾಘಾತ, ಆಸ್ಪತ್ರೆಗೆ ಒಯ್ಯಲೂ ಬಿಡಲಿಲ್ಲ.

ಕಳೆದ ವಾರ ನಮ್ಮ ಸಂಶೋಧನಾ ಲೇಖನ ಅಚ್ಚಾಯಿತು. ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರಿದೆ. ಇವರು ಯಾವ ವಿಭಾಗದವರು ಎಂದು ಪತ್ರಿಕೆಯವರು ಕೇಳಿದ್ದರು. ಟೂಲ್ ರೂಮ್ ಎಂದು ಬರೆದಿದ್ದೆ. ಆ ಇಂಗ್ಲಿಷ್ ಸಾಲನ್ನು ಆಂಟಿಗೆ ಕನ್ನಡದಲ್ಲಿ ಓದಿ ಹೇಳಿದೆ.

"ಇನ್ನೊಂದ್ಸಲ ಓದಮ್ಮಾ," ಎಂದರು.

ಎರಡನೇ ಸಲ ನನ್ನ ಕೈಲಾಗಲಿಲ್ಲ. ಆಂಟಿಯೇ ಹಾಳೆಯನ್ನು ಇಸಿದುಕೊಂಡು, ಅಂಕಲ್ ಹೆಸರು ಎಲ್ಲಿದೆ ತೋರಿಸು ಎಂದರು.